ಯೂರಿಯದ ಚೀಲವೂ ಕಾರ್ಖಾನೆಯ ಅಂಕಿಗಳೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ನರಗುಂದ ಸೀಮೆಯ ಎರೆಭೂಮಿ ಹದಕ್ಕೆ ಬಂದಿತೆಂದರೆ ಚಿಕ್ಕನರಗುಂದದಂಥ ಊರುಗಳಲ್ಲಿ ಗೊಬ್ಬರದ ಚೀಲಗಳ ಸಾಗಾಟ ಮೊದಲಾಗುವುದು. ಗೋವಿನಜೋಳ ಮೊಣಕಾಲೆತ್ತರ ಬೆಳೆದಾಗ ಒಂದು ಸಲ, ಮುಂದೆ ಹಿಂಗಾರಿಯ ಗೋದಿಗೆ ಮಲಪ್ರಭೆಯ ಕಾಲುವೆಯ ನೀರು ದೊರೆತರೆ ಇನ್ನೊಂದು ಸಲ, ಯೂರಿಯದ ಬಿಳಿಯ ಹರಳುಗಳು ಹೊಲವನ್ನು ಸೇರುತ್ತವೆ. ಚೀಲದ ತೂಕ ೪೫ ಕಿಲೊಗ್ರಾಂ. ಬೇವಿನ ಲೇಪನದ ವೆಚ್ಚವನ್ನೂ ತೆರಿಗೆಯನ್ನೂ ಬಿಟ್ಟರೆ ಸರಕಾರವು ಅದಕ್ಕೆ ಕಟ್ಟಿರುವ ಬೆಲೆ ೨೪೨ ರೂಪಾಯಿ. ರೈತನ ಲೆಕ್ಕ ಇಲ್ಲಿಗೆ ಮುಗಿಯಿತು. ಭೌತವಿಜ್ಞಾನಿಯ ಲೆಕ್ಕ ಇಲ್ಲಿಂದಲೇ ಆರಂಭವಾಗುವುದು.

ಒಳ್ಳೆಯ ಸ್ಥಿತಿಯಲ್ಲಿರುವ ಕಾರ್ಖಾನೆಯೊಂದು ಒಂದು ಟನ್ ಯೂರಿಯವನ್ನು ತಯಾರಿಸಲು ಸುಮಾರು ೫೫ ಲಕ್ಷ ಕಿಲೊಕ್ಯಾಲರಿ ಶಕ್ತಿಯನ್ನು ವ್ಯಯಿಸುತ್ತದೆ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಶಾಖವೇ ಒಂದು ಕಿಲೊಕ್ಯಾಲರಿ ಎಂಬುದು ವಾಚಕರಿಗೆ ತಿಳಿದಿದೆ. ಈ ಲೆಕ್ಕದಂತೆ ಒಂದು ಚೀಲಕ್ಕೆ ತಗಲುವ ಶಕ್ತಿ ಸುಮಾರು ೨.೪೭ ಲಕ್ಷ ಕಿಲೊಕ್ಯಾಲರಿ. ಅಡುಗೆಮನೆಯ ಅನಿಲದ ಸಿಲಿಂಡರಿನಲ್ಲಿರುವ ೧೪.೨ ಕಿಲೊಗ್ರಾಂ ಇಂಧನವನ್ನು ಪೂರ್ಣವಾಗಿ ಸುಟ್ಟರೆ ದೊರೆಯುವುದು ಸುಮಾರು ೧.೫೫ ಲಕ್ಷ. ಅಂದರೆ ಗಾಡಿಯ ಮೇಲೆ ತಣ್ಣಗೆ ಕುಳಿತಿರುವ ಪ್ರತಿಯೊಂದು ಯೂರಿಯದ ಚೀಲದ ಹಿಂದೆ ಒಂದೂವರೆಗಿಂತ ಹೆಚ್ಚು ಸಿಲಿಂಡರುಗಳಷ್ಟು ಬೆಂಕಿ ಉರಿದುಹೋಗಿದೆ!

ಈ ಬೆಂಕಿಯಲ್ಲಿ ಎಷ್ಟು ಪಾಲು ಅನಿವಾರ್ಯ, ಎಷ್ಟು ಪಾಲು ವ್ಯರ್ಥ? ವ್ಯರ್ಥವಾಗುವುದನ್ನು ಹೊಸ ಯಂತ್ರಗಳನ್ನು ಕೊಳ್ಳದೆ, ಕಾರ್ಖಾನೆಯು ತಾನೇ ದಿನನಿತ್ಯ ಬರೆದಿಡುವ ಅಂಕಿಗಳನ್ನು ಸರಿಯಾಗಿ ಓದಿ ತಡೆಯಬಹುದೆ? ಇವೇ ನಾವು ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆಗಳು.

ಗಾಳಿಯಿಂದ ಗೊಬ್ಬರ

ಯೂರಿಯದ ತಾಯಿ ಅಮೋನಿಯ. ಗಾಳಿಯ ಸಾರಜನಕದ ಒಂದು ಪಾಲು, ಜಲಜನಕದ ಮೂರು ಪಾಲು ಕೂಡಿದರೆ ಅಮೋನಿಯವಾಗುವುದು. ಅದರೊಡನೆ ಇಂಗಾಲದ ಡೈಆಕ್ಸೈಡು ಕೂಡಿದರೆ ಯೂರಿಯ. ಹೇಳುವುದಕ್ಕೆ ಸುಲಭ. ಆದರೆ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಉಷ್ಣತೆಯನ್ನು ಏರಿಸಿದರೆ ಕ್ರಿಯೆ ವೇಗವಾಗಿ ನಡೆಯುತ್ತದೆ, ಆದರೆ ಆದ ಅಮೋನಿಯ ಪುನಃ ಒಡೆಯಲಾರಂಭಿಸುತ್ತದೆ. ವಾತಾವರಣದ ೨೦೦ ಮಡಿ ಒತ್ತಡದಲ್ಲಿ, ೪೦೦ ಡಿಗ್ರಿ ಉಷ್ಣತೆಯಲ್ಲಿ, ಸಮತೋಲಕ್ಕೆ ಬಂದ ಮಿಶ್ರಣದ ಮೂರನೆಯ ಒಂದಂಶಕ್ಕಿಂತ ಹೆಚ್ಚು ಅಮೋನಿಯವಿದ್ದರೆ ೫೦೦ ಡಿಗ್ರಿಯಲ್ಲಿ ಐದನೆಯ ಒಂದಂಶವೂ ಇರುವುದಿಲ್ಲ. ವೇಗ ಬೇಕೆಂದರೆ ಇಳುವರಿ ಇಲ್ಲ, ಇಳುವರಿ ಬೇಕೆಂದರೆ ವೇಗವಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ಜರ್ಮನಿಯ ಫ್ರಿಟ್ಸ್ ಹಾಬರ್ ೧೯೦೯ರಲ್ಲಿ ತೋರಿಸಿದನು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದನು. ೧೯೧೩ರಲ್ಲಿ ಒಪ್ಪಾವಿನಲ್ಲಿ ಮೊದಲ ಕಾರ್ಖಾನೆ ನಡೆಯಲಾರಂಭಿಸಿತು. ಅಗ್ಗವಾದ ಕ್ರಿಯಾವರ್ಧಕವನ್ನು ಹುಡುಕುವ ಹೊಣೆ ಬಾಷನ ಸಹೋದ್ಯೋಗಿ ಆಲ್ವಿನ್ ಮಿಟ್ಟಾಷನ ಮೇಲೆ ಬಿದ್ದಿತು. ೧೯೧೨ರ ವೇಳೆಗೆ ಅವನ ತಂಡ ಸುಮಾರು ೨೫೦೦ ಬಗೆಯ ವಸ್ತುಗಳನ್ನು ಸುಮಾರು ೬೫೦೦ ಪರೀಕ್ಷೆಗಳಲ್ಲಿ ಒರೆಗೆ ಹಚ್ಚಿ, ಫಲಿತಾಂಶಗಳನ್ನೆಲ್ಲ ಕ್ರಮವಾಗಿ ಬರೆದಿಟ್ಟಿತ್ತು. ಸ್ವೀಡನ್ನಿನ ಕಬ್ಬಿಣದ ಅದಿರಿನ ಒಂದು ತುಣುಕು ಅನಿರೀಕ್ಷಿತವಾಗಿ ಚೆನ್ನಾಗಿ ಕೆಲಸ ಮಾಡಿದ್ದೇಕೆಂದು ಬೆನ್ನಟ್ಟಿ ಹೋದುದರಿಂದಲೇ ಇಂದಿಗೂ ಬಳಕೆಯಲ್ಲಿರುವ ಬಗೆಯ ಕ್ರಿಯಾವರ್ಧಕ ದೊರೆಯಿತು. ಅಂಕಿಗಳಿಂದ ಕಾರ್ಖಾನೆಯನ್ನು ತಿದ್ದುವ ವಿದ್ಯೆ ಗಣಕಯಂತ್ರದೊಡನೆ ಹುಟ್ಟಿತೆಂದು ಹೇಳುವವರು ಮಿಟ್ಟಾಷನ ದಾಖಲೆಗಳನ್ನು ಮರೆತಿದ್ದಾರೆ.

ಇಂದಿನ ಕಾರ್ಖಾನೆಯಲ್ಲಿ ಜಲಜನಕ ದೊರೆಯುವುದು ನೈಸರ್ಗಿಕ ಅನಿಲದಿಂದ. ಅನಿಲವನ್ನೂ ನೀರಿನ ಹಬೆಯನ್ನೂ ಕೂಡಿಸಿ, ಕುಲುಮೆಯೊಳಗೆ ಕೆಂಪಗೆ ಕಾದ ಕೊಳವೆಗಳಲ್ಲಿ ನಿಕಲ್ ಕ್ರಿಯಾವರ್ಧಕದ ಮೇಲೆ ಹಾಯಿಸುತ್ತಾರೆ. ಬಳಿಕ ಗಾಳಿಯನ್ನು ಸೇರಿಸಿ, ಇಂಗಾಲದ ಡೈಆಕ್ಸೈಡನ್ನು ಬೇರೆಮಾಡಿ, ಉಳಿದ ಅನಿಲವನ್ನು ಭಾರಿ ಒತ್ತಡಕ್ಕೆ ಒತ್ತಿ ಅಮೋನಿಯದ ಗೋಪುರಕ್ಕೆ ಕಳುಹಿಸುತ್ತಾರೆ. ಉಷ್ಣಚಲನಶಾಸ್ತ್ರದ ನಿಯಮದಂತೆ ಈ ಮಾರ್ಗದಲ್ಲಿ ಒಂದು ಟನ್ ಅಮೋನಿಯಕ್ಕೆ ಕಡಿಮೆಯೆಂದರೆ ೫೦ ಲಕ್ಷ ಕಿಲೊಕ್ಯಾಲರಿ ಬೇಕೇ ಬೇಕು. ಜಗತ್ತಿನ ಅತ್ಯುತ್ತಮ ಕಾರ್ಖಾನೆಗಳಲ್ಲಿ ತಗಲುತ್ತಿರುವುದು ಸುಮಾರು ೬೭ ಲಕ್ಷ. ಹಳೆಯ ಕಾರ್ಖಾನೆಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು.

(ನರಗುಂದದ ಹೊಲಗಳಲ್ಲಿ ಬೆಳೆಯುವ ಹೆಸರಿನ ಗಿಡ ಇದೇ ಕೆಲಸವನ್ನು ಬೇರಿನ ಗಂಟುಗಳಲ್ಲಿರುವ ಏಕಾಣುಜೀವಿಗಳ ಸಹಾಯದಿಂದ ನಮ್ಮ ನಿಮ್ಮ ಮೈಬಿಸಿಗಿಂತ ಕಡಿಮೆ ಉಷ್ಣತೆಯಲ್ಲಿಯೇ ಮಾಡಿಕೊಳ್ಳುವುದು. ಅದೇನೂ ಪುಕ್ಕಟೆಯಲ್ಲ, ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಗಿಡವು ಆ ಜೀವಿಗಳಿಗೆ ತೆರಬೇಕಾಗುತ್ತದೆ. ಹೊಗೆಗೂಡು ಮಾತ್ರ ಬೇಕಿಲ್ಲ.)

ಹೊಗೆಗೂಡಿನಲ್ಲಿ ಹೋಗುವುದೆಷ್ಟು?

೫೦ ಮತ್ತು ೬೭ರ ನಡುವಿನ ಅಂತರ, ಹಳೆಯ ಕಾರ್ಖಾನೆಯಲ್ಲಾದರೆ ಇನ್ನೂ ದೊಡ್ಡ ಅಂತರ, ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಭಾಗ ತಂಪುಗೊಳಿಸುವ ನೀರಿನೊಡನೆ, ಸ್ವಲ್ಪ ಭಾಗ ಒತ್ತಕ ಯಂತ್ರಗಳಲ್ಲಿ, ಸ್ವಲ್ಪ ಭಾಗ ಕೊಳವೆಗಳ ಮೈಯಿಂದ ಗಾಳಿಗೆ. ಕುಲುಮೆಯ ಹೊಗೆಯೊಡನೆ ಹೋಗುವ ಭಾಗವನ್ನು ಪರಿಶೀಲಿಸಿದರೆ ವಿಷಯ ಸ್ಪಷ್ಟವಾಗುವುದು.

ಇಂಧನ ಪೂರ್ತಿ ಉರಿಯಬೇಕಾದರೆ ಅಗತ್ಯಕ್ಕಿಂತ ತುಸು ಹೆಚ್ಚು ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅರೆಬೆಂದ ಅನಿಲ ಹೊರಗೆ ಹೋಗುತ್ತದೆ, ಅಪಾಯವೂ ಉಂಟು. ಆದರೆ ಗಾಳಿ ಹೆಚ್ಚಾದರೆ? ಗಾಳಿಯಲ್ಲಿ ಐದನೆಯ ನಾಲ್ಕಂಶದಷ್ಟು ಇರುವುದು ಉರಿಯಲು ಸಹಾಯಮಾಡದ ಸಾರಜನಕ. ಅದು ತಣ್ಣಗೆ ಒಳಗೆ ಬಂದು, ಕುಲುಮೆಯ ಶಾಖವನ್ನು ಹೊತ್ತುಕೊಂಡು ಬಿಸಿಯಾಗಿ ಹೊರಗೆ ಹೋಗುವ ಅತಿಥಿ. ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆದರೆ ಹೆಚ್ಚಿನ ಗಾಳಿ ಎಷ್ಟೆಂದು ಸುಲಭವಾಗಿ ತಿಳಿಯುವುದು: ಆಮ್ಲಜನಕದ ಶೇಕಡಾವಾರು ಅಂಕಿಯನ್ನು, ಅದನ್ನೇ ೨೧ರಿಂದ ಕಳೆದು ಉಳಿದ ಅಂಕಿಯಿಂದ ಭಾಗಿಸಬೇಕು. ಹೊಗೆಯಲ್ಲಿ ಶೇಕಡಾ ೨ ಇದ್ದರೆ ೨ನ್ನು ೧೯ರಿಂದ ಭಾಗಿಸಿದಾಗ ಹೆಚ್ಚಿನ ಗಾಳಿ ಸುಮಾರು ಶೇಕಡಾ ೧೦. ಶೇಕಡಾ ೬ ಇದ್ದರೆ ೬ನ್ನು ೧೫ರಿಂದ ಭಾಗಿಸಬೇಕು; ಹೆಚ್ಚಿನ ಗಾಳಿ ಶೇಕಡಾ ೪೦! ಮಾಪಕದ ಮುಳ್ಳು ನಾಲ್ಕೇ ಅಂಕ ಸರಿಯಿತು, ಬೇಡದ ಗಾಳಿ ನಾಲ್ಕು ಮಡಿಯಾಯಿತು. ಹೊಗೆಯ ಉಷ್ಣತೆಯನ್ನು ೨೨ ಡಿಗ್ರಿ ಇಳಿಸಿದರೆ ಇಂಧನದಲ್ಲಿ ಸುಮಾರು ಶೇಕಡಾ ೧ ಉಳಿಯುವುದೆಂಬುದು ಬಾಯ್ಲರುಗಳನ್ನು ನಡೆಸುವವರಿಗೆಲ್ಲ ತಿಳಿದಿರುವ ಹಳೆಯ ಲೆಕ್ಕ.

ಇಷ್ಟು ಸುಲಭವಾದರೆ ಎಲ್ಲ ಕಾರ್ಖಾನೆಗಳೂ ಇದನ್ನು ಎಂದೋ ಮಾಡಿ ಮುಗಿಸಬೇಕಾಗಿತ್ತಲ್ಲ ಎಂದು ವಾಚಕರು ಕೇಳಬಹುದು. ಕುಲುಮೆಯೊಂದೇ ಇದ್ದಿದ್ದರೆ ಮುಗಿಸುತ್ತಿದ್ದವು. ಆದರೆ ಕುಲುಮೆಯ ಹೊಗೆಯ ಶಾಖದಿಂದ ಹಬೆಯಾಗುತ್ತದೆ. ಆ ಹಬೆ ಒತ್ತಕವನ್ನು ತಿರುಗಿಸುತ್ತದೆ. ಒತ್ತಕದ ವೇಗ ಗೋಪುರದ ಒತ್ತಡವನ್ನು ನಿರ್ಧರಿಸುತ್ತದೆ. ಗೋಪುರದಿಂದ ಹೊರಬಿದ್ದ ಶಾಖ ಪುನಃ ಬಾಯ್ಲರಿನ ನೀರನ್ನು ಕಾಯಿಸುತ್ತದೆ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಖರ್ಚಾಗಬಹುದು. ಅವಿಭಕ್ತ ಕುಟುಂಬದ ಜಮಾಖರ್ಚಿನಂತೆ, ಒಬ್ಬನ ಕೈಯ ಲೆಕ್ಕದಿಂದ ಮನೆಯ ಸ್ಥಿತಿ ತಿಳಿಯದು.

ಅಂಕಿಗಳ ರಾಶಿ

ದೊಡ್ಡ ರಾಸಾಯನಿಕ ಕಾರ್ಖಾನೆಯಲ್ಲಿ ಉಷ್ಣತೆ, ಒತ್ತಡ, ಹರಿವು, ಮಟ್ಟ ಇವುಗಳನ್ನು ಅಳೆಯುವ ಮಾಪಕಗಳು ಸಾವಿರಾರು. ಎರಡು ಸಾವಿರ ಮಾಪಕಗಳು ನಿಮಿಷಕ್ಕೊಂದರಂತೆ ಅಂಕಿ ಬರೆದವೆಂದು ಇಟ್ಟುಕೊಂಡರೂ ದಿನಕ್ಕೆ ೨೮ ಲಕ್ಷ ೮೦ ಸಾವಿರ ಅಂಕಿಗಳಾದವು. ಹಿಂದಿನ ಕಾಲದಲ್ಲಿ ಪಾಳಿಯ ಮೇಲ್ವಿಚಾರಕನು ಗಂಟೆಗೊಮ್ಮೆ ಕೆಲವನ್ನು ಪುಸ್ತಕದಲ್ಲಿ ಗುರುತಿಸಿಕೊಳ್ಳುತ್ತಿದ್ದನು. ಈಗ ಗಣಕಯಂತ್ರ ಎಲ್ಲವನ್ನೂ ಕೂಡಿಟ್ಟುಕೊಳ್ಳುತ್ತದೆ. ಕೂಡಿಟ್ಟುಕೊಂಡ ಮಾತ್ರಕ್ಕೆ ತಿಳಿದಂತಾಗಲಿಲ್ಲ.

ಒಂದು ಕಾರ್ಖಾನೆಯಲ್ಲಿ ರಾತ್ರಿಯ ಪಾಳಿಯವರು ಹಗಲಿನವರಿಗಿಂತ ಕಡಿಮೆ ಇಂಧನದಲ್ಲಿ ಅಷ್ಟೇ ಅಮೋನಿಯವನ್ನು ತೆಗೆಯುತ್ತಾರೆಂದು ಭಾವಿಸೋಣ. ರಾತ್ರಿಯವರಿಗೆ ಬಹುಮಾನ ಕೊಡಬೇಕೆ? ಅವಸರ ಬೇಡ. ರಾತ್ರಿಯ ಗಾಳಿ ತಂಪು, ಆದುದರಿಂದ ದಟ್ಟ. ಗಾಳಿಯ ಒತ್ತಕ ಅದೇ ಗಾತ್ರದಲ್ಲಿ ಹೆಚ್ಚು ತೂಕದ ಗಾಳಿಯನ್ನು ಎಳೆದುಕೊಳ್ಳುವುದು. ತಂಪುಗೊಳಿಸುವ ನೀರೂ ರಾತ್ರಿ ಹೆಚ್ಚು ತಣ್ಣಗಿರುವುದರಿಂದ ಹಬೆಯ ಟರ್ಬೈನುಗಳು ಹೆಚ್ಚು ಕೆಲಸ ಮಾಡುತ್ತವೆ. ಹೊರಗಿನ ಉಷ್ಣತೆಯ ಪಾಲೆಷ್ಟು, ಉತ್ಪಾದನೆಯ ಪ್ರಮಾಣದ ಪಾಲೆಷ್ಟು, ಕೆಲಸಗಾರರ ಜಾಣ್ಮೆಯ ಪಾಲೆಷ್ಟು ಎಂದು ಬಿಡಿಸಿ ಹೇಳಬಲ್ಲ ಗಣಿತವೊಂದುಂಟು. ಲೆಜಾಂಡರ್ ೧೮೦೫ರಲ್ಲಿ ಪ್ರಕಟಿಸಿದ, ಗೌಸ್ ೧೮೦೯ರಲ್ಲಿ ವಿಸ್ತರಿಸಿದ ಕನಿಷ್ಠ ವರ್ಗಗಳ ವಿಧಾನವೇ ಅದು. ಧೂಮಕೇತುಗಳ ದಾರಿಯನ್ನು ಗುರುತಿಸಲು ಹುಟ್ಟಿದ ಲೆಕ್ಕ ಇಂದು ಕುಲುಮೆಯ ಖರ್ಚನ್ನು ಹೇಳುತ್ತಿದೆ. ಗಾಳಿಯ ಪಾಲನ್ನೂ ನೀರಿನ ಪಾಲನ್ನೂ ಕಳೆದ ಮೇಲೂ ವ್ಯತ್ಯಾಸ ಉಳಿದರೆ ಆಗ ರಾತ್ರಿಯವರು ಏನು ಮಾಡುತ್ತಿದ್ದಾರೆಂದು ಹೋಗಿ ನೋಡುವುದು ಸಾರ್ಥಕ.

ಇಲ್ಲೊಂದು ದೊಡ್ಡ ಹಳ್ಳವಿದೆ. ಈಚೆಗೆ ಗಣಕಯಂತ್ರವನ್ನು ನೆಚ್ಚಿದ ಅನೇಕರು ಅದರಲ್ಲಿ ಬಿದ್ದಿದ್ದಾರೆಂದು ನಮ್ಮ ಅಭಿಪ್ರಾಯ. ಕುಲುಮೆಯ ಉಷ್ಣತೆ ಇಳಿದಾಗಲೆಲ್ಲ ನಿಯಂತ್ರಕವು ಇಂಧನವನ್ನು ಹೆಚ್ಚಿಸುತ್ತದೆ; ಏರಿದಾಗ ಕಡಿಮೆಮಾಡುತ್ತದೆ. ಆ ದಾಖಲೆಯನ್ನು ಅರಿಯದವನೊಬ್ಬ ಓದಿದರೆ ಏನು ಕಾಣುತ್ತದೆ? ಇಂಧನ ಹೆಚ್ಚಿದ್ದಾಗಲೆಲ್ಲ ಉಷ್ಣತೆ ಕಡಿಮೆ! ಇಂಧನದಿಂದ ಕುಲುಮೆ ತಣ್ಣಗಾಗುವುದೆಂಬ ತೀರ್ಮಾನಕ್ಕೆ ಅಂಕಿಗಳೇ ಸಾಕ್ಷಿ ಹೇಳುತ್ತವೆ. ಹೆಚ್ಚು ಔಷಧಿ ಕುಡಿಯುವವರೇ ಹೆಚ್ಚು ಕಾಯಿಲೆಯವರೆಂದು ಕಂಡು, ಔಷಧಿಯಿಂದಲೇ ಕಾಯಿಲೆ ಬಂದಿತೆಂದು ಹೇಳಿದಂತೆ ಇದು. ಭೌತವಿಜ್ಞಾನವನ್ನು ಬದಿಗಿಟ್ಟು ಅಂಕಿಗಳನ್ನು ಓದಬಾರದು.

ಬೇಕೆಂದೇ ಅಲುಗಿಸಿ ನೋಡುವುದು

ಈ ಹಳ್ಳವನ್ನು ದಾಟುವ ಉಪಾಯವೆಂದರೆ, ತಾನಾಗಿ ನಡೆದುದನ್ನು ನೋಡುತ್ತ ಕುಳಿತುಕೊಳ್ಳದೆ ನಾವೇ ಸ್ವಲ್ಪ ಅಲುಗಿಸಿ ಪರಿಣಾಮವನ್ನು ಅಳೆಯುವುದು. ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್, ವಿಲ್ಸನ್ ಎಂಬ ರಸಾಯನವಿಜ್ಞಾನಿಯೊಡನೆ ೧೯೫೧ರಲ್ಲಿ ಇಂಥ ಪ್ರಯೋಗಗಳ ಕ್ರಮವೊಂದನ್ನು ವಿವರಿಸಿದನು. ೧೯೫೭ರಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಉತ್ಪಾದನೆಯನ್ನು ನಿಲ್ಲಿಸದೆ, ಸರಕು ಕೆಡದಷ್ಟು ಸಣ್ಣ ಬದಲಾವಣೆಗಳನ್ನು ಸರದಿಯಂತೆ ಮಾಡುತ್ತ, ಅವು ಮತ್ತೆ ಮತ್ತೆ ಬಂದಾಗ ಸಿಗುವ ಸರಾಸರಿಯಿಂದ ಒಳ್ಳೆಯ ದಿಕ್ಕನ್ನು ಗುರುತಿಸಬೇಕೆಂದು ಅವನ ಸಲಹೆ. ಕಾರ್ಖಾನೆ ಸರಕಿನ ಜೊತೆಗೆ ತಿಳಿವಳಿಕೆಯನ್ನೂ ಉತ್ಪಾದಿಸಬೇಕೆಂಬುದು ಇದರ ತಿರುಳು.

ಆದರೆ ಅಲುಗಿಸಬೇಕಾದ ಅಂಶಗಳು ಏಳಿದ್ದು, ಪ್ರತಿಯೊಂದನ್ನೂ ಎರಡು ಮಟ್ಟಗಳಲ್ಲಿ ನೋಡಬೇಕೆಂದರೆ ೧೨೮ ಪ್ರಯೋಗಗಳಾಗುತ್ತವೆ. ಯಾವ ಕಾರ್ಖಾನೆಯವರು ಒಪ್ಪುತ್ತಾರೆ? ಈ ಕಗ್ಗಂಟನ್ನು ಬಿಡಿಸಲು ನೆರವಾದವರಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದವರೊಬ್ಬರಿದ್ದಾರೆ. ಗದಗ ಜಿಲ್ಲೆಯ ದಕ್ಷಿಣದ ಗಡಿಯಲ್ಲಿ ಹರಿಯುವ ತುಂಗಭದ್ರೆಯನ್ನು ದಾಟಿದರೆ ಹಡಗಲಿಯ ಸೀಮೆ. ಕಲ್ಯಂಪೂಡಿ ರಾಧಾಕೃಷ್ಣ ರಾವ್ ೧೯೨೦ರ ಸೆಪ್ಟೆಂಬರ್ ೧೦ರಂದು ಜನಿಸಿದ್ದು ಆ ಹಡಗಲಿಯಲ್ಲಿ. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ೧೯೪೭ರಲ್ಲಿ, ಅವರು ಪ್ರಯೋಗಗಳ ಸಮತೂಕದ ಜೋಡಣೆಗಳನ್ನು ಕುರಿತು ಪ್ರಬಂಧ ಬರೆದರು. ಆ ಜೋಡಣೆಗಳಲ್ಲಿ ಒಂದರಂತೆ ಏಳು ಅಂಶಗಳನ್ನು ಎಂಟೇ ಪ್ರಯೋಗಗಳಲ್ಲಿ ಪರೀಕ್ಷಿಸಬಹುದು. ೧೯೫೪-೫೫ರಲ್ಲಿ ಅದೇ ಸಂಸ್ಥೆಗೆ ಬಂದಿದ್ದ ಜಪಾನಿನ ಟಾಗುಚಿ ಮುಂದೆ ಇಂಥ ಜೋಡಣೆಗಳನ್ನು ಕಾರ್ಖಾನೆಗಳಲ್ಲೆಲ್ಲ ಪ್ರಸಿದ್ಧಿಗೆ ತಂದನು. ರಾಯರು ೧೦೨ ವರ್ಷ ಬಾಳಿ ೨೦೨೩ರಲ್ಲಿ ತೀರಿಕೊಂಡರು.

ಜೋಡಣೆಯ ಮರ್ಮವನ್ನು ಮನೆಯ ಒಲೆಯ ಮೇಲೆ ನೋಡಬಹುದು. ಒಂದು ಲೀಟರು ನೀರನ್ನು ಕುದಿಯುವ ತನಕ ಕಾಯಿಸಬೇಕು, ಪ್ರತಿ ಸಲವೂ ಖರ್ಚಾದ ಇಂಧನವನ್ನು ಅಳೆಯಬೇಕು. ಬದಲಿಸಬಹುದಾದ ಅಂಶಗಳು ಮೂರು: ಮುಚ್ಚಳ, ಉರಿ, ಪಾತ್ರೆಯ ತಳ. ಎಲ್ಲ ಸೇರಿಕೆಗಳನ್ನೂ ನೋಡಲು ಎಂಟು ಪ್ರಯೋಗಗಳು ಬೇಕು. ನಾಲ್ಕರಲ್ಲಿ ಮುಗಿಸುವ ಬಗೆ ಹೀಗೆ. ಮೊದಲನೆಯದು ಮುಚ್ಚಳವಿಲ್ಲದೆ, ದೊಡ್ಡ ಉರಿ, ಕಿರಿದಾದ ತಳ. ಎರಡನೆಯದು ಮುಚ್ಚಳವಿಲ್ಲದೆ, ಸಣ್ಣ ಉರಿ, ಅಗಲವಾದ ತಳ. ಮೂರನೆಯದು ಮುಚ್ಚಳ ಹಾಕಿ, ದೊಡ್ಡ ಉರಿ, ಅಗಲವಾದ ತಳ. ನಾಲ್ಕನೆಯದು ಮುಚ್ಚಳ ಹಾಕಿ, ಸಣ್ಣ ಉರಿ, ಕಿರಿದಾದ ತಳ. ಮುಚ್ಚಳವಿದ್ದ ಎರಡರ ಸರಾಸರಿಯನ್ನು ಇಲ್ಲದ ಎರಡರ ಸರಾಸರಿಯಿಂದ ಕಳೆಯಿರಿ. ಎರಡು ಗುಂಪಿನಲ್ಲಿಯೂ ದೊಡ್ಡ ಉರಿ ಒಂದು ಸಲ, ಸಣ್ಣ ಉರಿ ಒಂದು ಸಲ, ಅಗಲ ತಳ ಒಂದು ಸಲ, ಕಿರಿದು ತಳ ಒಂದು ಸಲ ಬಂದಿರುವುದರಿಂದ ಅವುಗಳ ಪ್ರಭಾವ ಪರಸ್ಪರ ಹೊಡೆದುಹೋಗಿ ಮುಚ್ಚಳದ ಪ್ರಭಾವ ಮಾತ್ರ ಉಳಿಯುವುದು. ಉರಿ, ತಳ ಇವುಗಳಿಗೂ ಅದೇ ನಾಲ್ಕು ಅಂಕಿಗಳು ಸಾಕು.

ಚುರುಕಾದ ವಿದ್ಯಾರ್ಥಿ ಇಲ್ಲಿ ತಕರಾರು ತೆಗೆಯಬೇಕು. ಕಿರಿದಾದ ತಳದ ಕೆಳಗೆ ದೊಡ್ಡ ಉರಿ ಇಟ್ಟರೆ ಜ್ವಾಲೆ ಪಾತ್ರೆಯ ಬದಿಗೆ ಹೊರಳಿ ಶಾಖ ಪೋಲಾಗುವುದಷ್ಟೆ. ಇದು ಉರಿಯ ದೋಷವೂ ಅಲ್ಲ, ತಳದ ದೋಷವೂ ಅಲ್ಲ. ಎರಡರ ಜೊತೆಗಾರಿಕೆಯ ದೋಷ. ಅದು ಒದಗುವುದು ಮೊದಲನೆಯ ಪ್ರಯೋಗದಲ್ಲಿ, ಅಲ್ಲಿ ಮುಚ್ಚಳವಿಲ್ಲ. ಹೀಗಾಗಿ ಪೋಲಾದ ಶಾಖದಲ್ಲಿ ಒಂದು ಪಾಲು ಮುಚ್ಚಳದ ಹೆಸರಿಗೆ ಬರೆಯಲ್ಪಡುತ್ತದೆ! ತಕರಾರು ನ್ಯಾಯವಾದುದೇ. ಅಂಥ ಸಂಶಯ ಬಂದಲ್ಲಿ ಉಳಿದ ನಾಲ್ಕನ್ನೂ ಮಾಡಿಯೇ ತೀರಬೇಕು. ಎಲ್ಲಿ ಸಂಶಯಪಡಬೇಕೆಂಬುದನ್ನು ಹೇಳುವುದು ಒಲೆಯ ಅನುಭವ, ಗಣಿತವಲ್ಲ.

ಏರಿಯ ಅಂಚಿನಲ್ಲಿ ಚಕ್ಕಡಿ

ಕಾಲುವೆಯ ಏರಿಯ ಮೇಲೆ ಚಕ್ಕಡಿ ಹೊಡೆಯುವವನನ್ನು ನೆನೆಯಿರಿ. ಎತ್ತುಗಳು ಅತ್ತಿತ್ತ ಎಳೆಯುವಂಥವಾದರೆ ಅವನು ಅಂಚಿನಿಂದ ಬಹಳ ದೂರವಿರುತ್ತಾನೆ. ನೆಟ್ಟಗೆ ನಡೆಯುವ ಎತ್ತುಗಳಿದ್ದರೆ ಅಂಚಿಗೆ ಗೇಣು ದೂರದಲ್ಲಿಯೂ ನಿರ್ಭಯವಾಗಿ ಹೊಡೆಯಬಲ್ಲ. ಕಾರ್ಖಾನೆಯ ಸ್ಥಿತಿಯೂ ಹೀಗೆಯೇ. ಅನಿಲದೊಡನೆ ಬೆರೆಸುವ ಹಬೆ ಕಡಿಮೆಯಾದರೆ ಕ್ರಿಯಾವರ್ಧಕದ ಮೇಲೆ ಮಸಿ ಕಟ್ಟುತ್ತದೆ, ಕೊಳವೆಗಳು ಹಾಳಾಗುತ್ತವೆ. ಆದುದರಿಂದ ಅನಿಲದ ಇಂಗಾಲದ ಪ್ರತಿಯೊಂದು ಪರಮಾಣುವಿಗೆ ಹಬೆಯ ಸುಮಾರು ಮೂರು ಅಣುಗಳನ್ನು ಬಿಡುವುದು ವಾಡಿಕೆ. ಕ್ರಿಯೆಗೆ ಬೇಕಾಗುವುದಕ್ಕಿಂತ ಇದು ಹೆಚ್ಚು. ಹರಿವು ತೂಗಾಡುತ್ತಿದ್ದರೆ ಭಯದಿಂದ ಇನ್ನೂ ಹೆಚ್ಚು ಬಿಡಬೇಕಾಗುವುದು. ಆ ಹೆಚ್ಚಿನ ಹಬೆಯನ್ನು ಕಾಯಿಸುವ ಖರ್ಚು ಭಯದ ಖರ್ಚು. ತೂಗಾಟವನ್ನು ಅಡಗಿಸಿದರೆ ಅಂಚಿನ ಸಮೀಪಕ್ಕೆ ಸರಿಯಬಹುದು, ಆಗ ಉಳಿತಾಯ.

ತೂಗಾಟವನ್ನು ಅಡಗಿಸಬೇಕಾದರೆ ಒಂದು ಕವಾಟವನ್ನು ತಿರುವಿದ ಮೇಲೆ ಉಳಿದೆಲ್ಲ ಮಾಪಕಗಳು ಮುಂದಿನ ಒಂದು ಗಂಟೆ ಹೇಗೆ ಚಲಿಸುವುವೆಂದು ಮೊದಲೇ ತಿಳಿದಿರಬೇಕು. ೧೯೭೦ರ ದಶಕದಲ್ಲಿ ಷೆಲ್ ತೈಲ ಕಂಪನಿಯ ಚಾರ್ಲ್ಸ್ ಕಟ್ಲರ್ ಮತ್ತು ಸಂಗಡಿಗರು ಇಂಥ ಪ್ರತಿಕ್ರಿಯೆಗಳನ್ನು ಪ್ರಯೋಗದಿಂದ ಅಳೆದು ಕೋಷ್ಟಕ ಮಾಡಿ, ಅದರ ಆಧಾರದಿಂದ ಮುಂದಿನ ನಡೆಯನ್ನು ಲೆಕ್ಕಹಾಕುವ ನಿಯಂತ್ರಣವನ್ನು ಬಳಕೆಗೆ ತಂದರು. ಇಂದು ಗಣಕಯಂತ್ರಗಳು ತಾವೇ ಪ್ರಯತ್ನಿಸಿ ಕಲಿಯುವ ಮಟ್ಟಕ್ಕೆ ಬಂದಿವೆ. ೨೦೨೨ರಲ್ಲಿ ಜಪಾನಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಭಟ್ಟಿಯಿಳಿಸುವ ಘಟಕವನ್ನು ಇಂಥ ಯಂತ್ರಬುದ್ಧಿ ಸತತವಾಗಿ ೩೫ ದಿನ ತಾನೇ ನಡೆಸಿತು. ಆದರೆ ಅದನ್ನು ಮೊದಲು ಗಣಕಯಂತ್ರದೊಳಗಿನ ಅಣಕು ಕಾರ್ಖಾನೆಯಲ್ಲಿ ಪಳಗಿಸಿದ್ದರು. ಎಳೆಯ ಹೋರಿಯನ್ನು ಒಮ್ಮೆಲೆ ಏರಿಯ ಮೇಲೆ ಹೂಡುವುದುಂಟೆ?

ಮಾಪಕ ಸುಳ್ಳು ಹೇಳಿದರೆ

ಇಷ್ಟೆಲ್ಲ ಕಟ್ಟಡದ ಅಡಿಗಲ್ಲು ಮಾಪಕ. ಕುಲುಮೆಯ ಬೇಗೆಯಲ್ಲಿ ತಿಂಗಳುಗಟ್ಟಲೆ ಇರುವ ಉಷ್ಣಮಾಪಕ ನಿಧಾನವಾಗಿ ತಪ್ಪು ತೋರಿಸಲಾರಂಭಿಸುತ್ತದೆ. ಹರಿವಿನ ಮಾಪಕದಲ್ಲಿ ಕೊಳೆ ಕಟ್ಟುತ್ತದೆ. ಸುಳ್ಳನ್ನು ಹಿಡಿಯುವ ವಿಧಾನ ಬಹಳ ಹಳೆಯದು, ಬಹಳ ಸುಂದರವಾದುದು. ಒಳಗೆ ಹೋದ ದ್ರವ್ಯವೆಲ್ಲ ಹೊರಗೆ ಬರಲೇಬೇಕು. ಒಳಗೆ ಹೋದ ಶಕ್ತಿಗೂ ಲೆಕ್ಕ ಸಿಗಲೇಬೇಕು. ಮೂರು ಕೊಳವೆಗಳಲ್ಲಿ ಒಳಗೆ ಹೋದ ಇಂಗಾಲ ನೂರು ಪಾಲಾಗಿ, ಹೊರಗೆ ಬಂದದ್ದು ತೊಂಬತ್ತನಾಲ್ಕು ಪಾಲೆಂದು ಅಂಕಿಗಳು ಹೇಳಿದರೆ ಎಲ್ಲಿಯೋ ಸೋರಿಕೆಯಿದೆ ಅಥವಾ ಯಾವುದೋ ಮಾಪಕ ತಪ್ಪುತ್ತಿದೆ. ದ್ರವ್ಯ ಮತ್ತು ಶಕ್ತಿಯ ನಿತ್ಯತ್ವ ನಿಯಮಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಅವು ಕಾರ್ಖಾನೆಯಲ್ಲಿ ಪೋಲೀಸರ ಕೆಲಸ ಮಾಡುವುದನ್ನು ಗಮನಿಸಬೇಕು.

ಅಂಕಿಗಳಿಗೆ ಇನ್ನೊಂದು ಮಿತಿಯುಂಟು. ನಡೆದುಹೋದ ಸ್ಥಿತಿಯನ್ನಷ್ಟೇ ಅವು ಬಲ್ಲವು. ಕರ್ನಾಟಕದ ಏಕೈಕ ಯೂರಿಯ ಕಾರ್ಖಾನೆ ಮಂಗಳೂರಿನ ಬಳಿಯ ಪಣಂಬೂರಿನಲ್ಲಿದೆ. ಮಂಗಳೂರು ಕೆಮಿಕಲ್ಸ್ ಆಂಡ್ ಫರ್ಟಿಲೈಸರ್ಸ್ ಎಂಬ ಹೆಸರಿನಲ್ಲಿ ಅದು ೧೯೭೬ರಲ್ಲಿ ಉತ್ಪಾದನೆಗೆ ತೊಡಗಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದರ ಕಚ್ಚಾವಸ್ತು ನ್ಯಾಫ್ತಾ ಎಂಬ ತೈಲ. ಕೊಚ್ಚಿಯಿಂದ ಮಂಗಳೂರಿಗೆ ೪೫೦ ಕಿಲೊಮೀಟರು ಉದ್ದದ ಅನಿಲದ ಕೊಳವೆಮಾರ್ಗ ಸಿದ್ಧವಾಗಿ, ೨೦೨೧ರ ಜನವರಿ ೫ರಂದು ಅದರ ಉದ್ಘಾಟನೆಯಾಯಿತು. ಆ ಮಾರ್ಗದ ಅನಿಲ ನ್ಯಾಫ್ತಾದ ಸ್ಥಾನಕ್ಕೆ ಬಂದಿತು. ಕಚ್ಚಾವಸ್ತು ಹೀಗೆ ಬದಲಾದಾಗ ಹಬೆಯ ಪ್ರಮಾಣ, ಕುಲುಮೆಯ ಹೊರೆ, ಹೊರಬರುವ ಇಂಗಾಲದ ಡೈಆಕ್ಸೈಡು ಎಲ್ಲವೂ ಬದಲಾಗುತ್ತವೆ. ನ್ಯಾಫ್ತಾದ ಕಾಲದ ಅಂಕಿಗಳಿಂದ ಕಲಿತ ಸೂತ್ರ ಅನಿಲದ ಕಾಲಕ್ಕೆ ದಾರಿ ತೋರಿಸಲಾರದು, ಹೊಸದಾಗಿ ಅಳೆಯಬೇಕು.

ಉಳಿದ ಶಕ್ತಿ ಯಾರಿಗೆ?

ನಮ್ಮ ದೇಶದಲ್ಲಿ ೨೦೦೧ರ ಶಕ್ತಿ ಸಂರಕ್ಷಣಾ ಕಾನೂನಿನ ಮೇರೆಗೆ, ೨೦೧೨ರಿಂದ ೨೦೧೫ರ ತನಕ ನಡೆದ ಮೊದಲ ಸುತ್ತಿನಲ್ಲಿ ಎಂಟು ಬಗೆಯ ೪೭೮ ಉದ್ಯಮ ಘಟಕಗಳಿಗೆ ಉಳಿತಾಯದ ಗುರಿಗಳನ್ನು ಗೊತ್ತುಮಾಡಲಾಯಿತು. ಗೊಬ್ಬರದ ಕಾರ್ಖಾನೆಗಳೂ ಇದರಲ್ಲಿ ಸೇರಿದ್ದವು. ಗುರಿಗಿಂತ ಹೆಚ್ಚು ಉಳಿಸಿದವನು ಹೆಚ್ಚುಳಿತಾಯದ ಪತ್ರಗಳನ್ನು ಹಿಂದುಳಿದವನಿಗೆ ಮಾರಬಹುದು. ಆ ಸುತ್ತಿನಲ್ಲಿ ಉಳಿದ ಶಕ್ತಿ ೮೬.೭ ಲಕ್ಷ ಟನ್ ತೈಲಕ್ಕೆ ಸಮವೆಂದು ಲೆಕ್ಕಹಾಕಿದ್ದಾರೆ. ಹೊಸ ಯಂತ್ರಗಳ ಪಾಲೂ ಇದರಲ್ಲಿ ಇರುವುದರಿಂದ ಎಲ್ಲವನ್ನೂ ಅಂಕಿಗಳ ಜಾಣತನಕ್ಕೆ ಜಮಾ ಮಾಡಲಾಗದು. ೨೦೧೫ರ ಮೇ ತಿಂಗಳ ಯೂರಿಯ ನೀತಿ ಅನಿಲದಿಂದ ನಡೆಯುವ ೨೫ ಘಟಕಗಳನ್ನು ಮೂರು ಗುಂಪು ಮಾಡಿ, ಟನ್ನಿಗೆ ೫೫, ೬೨, ೬೫ ಲಕ್ಷ ಕಿಲೊಕ್ಯಾಲರಿಗಳ ಗುರಿ ಇಟ್ಟಿತು. ಮಾನಕ್ಕಿಂತ ಕಡಿಮೆ ಇಂಧನದಲ್ಲಿ ಮುಗಿಸಿದ ಕಾರ್ಖಾನೆಗೆ ಲಾಭ. ಮಾನವನ್ನು ಬಿಗಿಮಾಡಿದರೆ ಸರಕಾರದ ಬೊಕ್ಕಸಕ್ಕೆ ಲಾಭ. ಚೀಲದ ಬೆಲೆ ಕಾಯ್ದೆಯಿಂದ ಗೊತ್ತಾಗಿರುವುದರಿಂದ ಚಿಕ್ಕನರಗುಂದದ ರೈತನ ಕೈಗೆ ಈ ಉಳಿತಾಯ ನೇರವಾಗಿ ಬರುವುದಿಲ್ಲವೆಂಬುದನ್ನೂ ಹೇಳಬೇಕು.

ಉಳಿತಾಯದ ಗಾತ್ರ ಮಾತ್ರ ಸಣ್ಣದಲ್ಲ. ೫೫ ಲಕ್ಷದ ಕಾರ್ಖಾನೆಯ ಚೀಲಕ್ಕೂ ೬೫ ಲಕ್ಷದ ಕಾರ್ಖಾನೆಯ ಚೀಲಕ್ಕೂ ಇರುವ ವ್ಯತ್ಯಾಸ ೪೫ ಸಾವಿರ ಕಿಲೊಕ್ಯಾಲರಿ. ಅಂದರೆ ನಾಲ್ಕು ಕಿಲೊಗ್ರಾಂ ಅಡುಗೆ ಅನಿಲ. ಒಳಗಿರುವ ಗೊಬ್ಬರದಲ್ಲಿ ಕಿಂಚಿತ್ತೂ ಭೇದವಿಲ್ಲ. ಪಣಂಬೂರಿನ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಸುಮಾರು ೩.೮ ಲಕ್ಷ ಟನ್ ಯೂರಿಯ. ಅಂಥ ಕಾರ್ಖಾನೆಯಲ್ಲಿ ಟನ್ನಿಗೆ ಒಂದೇ ಒಂದು ಲಕ್ಷ ಕಿಲೊಕ್ಯಾಲರಿ, ಎಂದರೆ ನೂರರಲ್ಲಿ ಎರಡಕ್ಕಿಂತ ಕಡಿಮೆ, ಉಳಿದರೂ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಅಡುಗೆ ಸಿಲಿಂಡರುಗಳಷ್ಟು ಶಕ್ತಿ ಹೊಗೆಗೂಡನ್ನು ಹತ್ತದೆ ಉಳಿಯುತ್ತದೆ.